ವಿದ್ಯಾರ್ಥಿನಿಯ ನಕಲಿ ನಗ್ನಚಿತ್ರ ಹರಿದಾಡುತ್ತಿದೆ, ಶಾಲೆ ಮೊದಲು ಏನು ಮಾಡಬೇಕು?

ಪ್ರಶ್ನೆ: ನಾನು ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕಿ. ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಮುಖವಿರುವ ನಗ್ನಚಿತ್ರ ಹತ್ತನೇ ತರಗತಿ ಹುಡುಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡಿದೆ. ಯಾವುದೋ ಎಐ ಆ್ಯಪ್‌ನಲ್ಲಿ ಮಾಡಿದ್ದು ಎಂದು ಮಕ್ಕಳೇ ಹೇಳುತ್ತಿದ್ದಾರೆ. ಮೂಲ ಫೋಟೊ ನಮ್ಮ ವಾರ್ಷಿಕೋತ್ಸವದ್ದು, ಶಾಲೆಯ ಫೇಸ್‌ಬುಕ್ ಪುಟದಲ್ಲಿತ್ತು. ಶಿಕ್ಷಕರೊಬ್ಬರು ವಿದ್ಯಾರ್ಥಿಯ ಮೊಬೈಲ್‌ನಲ್ಲಿ ಅದನ್ನು ನೋಡಿ, ಸ್ಕ್ರೀನ್‌ಶಾಟ್ ತೆಗೆದು ನನಗೂ ಆಡಳಿತ ಮಂಡಳಿಯ ಕಾರ್ಯದರ್ಶಿಗೂ ಕಳಿಸಿದ್ದಾರೆ. ಇಬ್ಬರು ಹುಡುಗರ ಮೇಲೆ ಅನುಮಾನವಿದೆ. ಹುಡುಗಿಯ ತಂದೆ ದೂರು ಬೇಡ, ಮರ್ಯಾದೆ ಪ್ರಶ್ನೆ ಎನ್ನುತ್ತಾರೆ. ಮಂಡಳಿಯವರೂ ಶಾಲೆಯೊಳಗೇ ಮುಗಿಸಿ ಎನ್ನುತ್ತಿದ್ದಾರೆ. ಚಿತ್ರ ನಕಲಿಯಾದರೂ ಇದು ಅಪರಾಧವೇ? ಪೋಷಕರು ಒಪ್ಪದಿದ್ದರೂ ಪೊಲೀಸರಿಗೆ ತಿಳಿಸಬೇಕೇ? ನನ್ನ ಮೊಬೈಲ್‌ನಲ್ಲಿರುವ ಸ್ಕ್ರೀನ್‌ಶಾಟ್ ಏನು ಮಾಡಲಿ? ಪುಟದಲ್ಲಿರುವ ಮಕ್ಕಳ ಫೋಟೊಗಳನ್ನೆಲ್ಲ ತೆಗೆದುಬಿಡಬೇಕೇ?

ಉತ್ತರ:

ನಿಮ್ಮ ಮೂರನೇ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದು ಇವತ್ತೇ ಆಗಬೇಕಾದ ಕೆಲಸ. ಆ ಶಿಕ್ಷಕರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಹುಡುಗರ ಗುಂಪಿನಲ್ಲಿದ್ದ ಚಿತ್ರ ಈಗ ಮೂವರು ದೊಡ್ಡವರ ಮೊಬೈಲ್‌ಗೂ ಬಂದು ಕೂತಿದೆ. ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದನ್ನೇ: ‘ಗಮನಕ್ಕೆ ತರಲು’ ಶಿಕ್ಷಕರ ಗುಂಪಿಗೆ ಹಾಕುವುದು, ‘ಖಚಿತಪಡಿಸಿಕೊಳ್ಳಲು’ ಸಮಿತಿಯ ಐದಾರು ಮಂದಿ ಒಟ್ಟಿಗೆ ಕೂತು ನೋಡುವುದು, ಕಡೆಗೆ ಚಿತ್ರದ ಪ್ರಿಂಟ್ ತೆಗೆದು ದೂರಿನ ಪತ್ರಕ್ಕೆ ಪಿನ್ ಮಾಡಿ ಕಚೇರಿಯ ಫೈಲಿಗೆ ಸೇರಿಸುವುದು. ಚಿತ್ರ ತಯಾರಾಗುವುದನ್ನು ತಡೆಯುವ ಶಕ್ತಿ ಯಾವ ಶಾಲೆಗೂ ಇಲ್ಲ. ಅದು ಇನ್ನೆಷ್ಟು ಕಣ್ಣಿಗೆ ಬೀಳಬೇಕು ಎಂಬುದು ಮಾತ್ರ ಬಹುಮಟ್ಟಿಗೆ ನಿಮ್ಮ ಕೈಯಲ್ಲೇ ಇದೆ.

ಹಾಗಾಗಿ ಆ ಸ್ಕ್ರೀನ್‌ಶಾಟನ್ನು ಇನ್ನು ಯಾರಿಗೂ ಕಳಿಸಬೇಡಿ. ಕಾರ್ಯದರ್ಶಿಗೆ ಕರೆ ಮಾಡಿ ಹೇಳಿ, ಮೆಸೇಜ್‌ನಲ್ಲಿ ಚರ್ಚೆ ಬೇಡ. ವಾಟ್ಸ್‌ಆ್ಯಪ್‌ಗೆ ಬಂದ ಚಿತ್ರ ತಾನಾಗಿಯೇ ಗ್ಯಾಲರಿಗೆ ಇಳಿಯುವಂತೆ, ಗ್ಯಾಲರಿಯಿಂದ ಗೂಗಲ್ ಫೋಟೋಸ್‌ನಂಥ ಕ್ಲೌಡ್‌ಗೆ ಏರುವಂತೆ ಎಷ್ಟೋ ಮೊಬೈಲ್‌ಗಳಲ್ಲಿ ಸೆಟ್ಟಿಂಗ್ ಇರುತ್ತದೆ. ಮೂವರೂ ತಕ್ಷಣ ಫೋಟೊ ಬ್ಯಾಕಪ್ ಹಾಗೂ ವಾಟ್ಸ್‌ಆ್ಯಪ್‌ನ ಆಟೊ ಡೌನ್‌ಲೋಡ್ ನಿಲ್ಲಿಸಿ. ಮಕ್ಕಳ ಲೈಂಗಿಕ ಚಿತ್ರ ಕ್ಲೌಡ್‌ನಲ್ಲಿ ಪತ್ತೆಯಾದರೆ ಕಂಪನಿಗಳು ಖಾತೆಯನ್ನೇ ಮುಚ್ಚಿ ವರದಿ ಮಾಡುತ್ತವೆ. ನೀವು ಮುಖ್ಯ ಶಿಕ್ಷಕಿ, ದೂರು ಕೊಡಲು ಇಟ್ಟುಕೊಂಡಿದ್ದೀರಿ ಎಂಬುದು ಆ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಹಾಗಂತ ಗಾಬರಿಬಿದ್ದು ಈಗಲೇ ಅಳಿಸಿಹಾಕಲೂ ಬೇಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 15ನೇ ಸೆಕ್ಷನ್ ಇಂಥ ಚಿತ್ರವನ್ನು ಇಟ್ಟುಕೊಳ್ಳುವುದನ್ನು ಶಿಕ್ಷಾರ್ಹ ಮಾಡುತ್ತದೆ, ಆದರೆ ವರದಿ ಮಾಡುವುದಕ್ಕೆ ಮತ್ತು ನ್ಯಾಯಾಲಯದಲ್ಲಿ ಸಾಕ್ಷ್ಯಕ್ಕೆ ವಿನಾಯಿತಿಯನ್ನೂ ಕೊಟ್ಟಿದೆ. ಆ ವಿನಾಯಿತಿ ನಿಮಗೆ ನೆರವಾಗಬೇಕಾದರೆ ಇವತ್ತೇ ದೂರು ಹೋಗಬೇಕು. ವಾರಗಟ್ಟಲೆ ಮೊಬೈಲ್‌ನಲ್ಲಿಟ್ಟುಕೊಂಡು ‘ವಿಚಾರಣೆ ನಡೀತಿತ್ತು’ ಅಂದರೆ ನಿಲ್ಲುವುದಿಲ್ಲ. ಯಾರ ಸಾಧನದಲ್ಲಿ ಪ್ರತಿ ಇದೆ, ಯಾರಿಂದ, ಎಷ್ಟು ಗಂಟೆಗೆ, ಯಾವ ಆ್ಯಪ್ ಮೂಲಕ ಬಂತು ಎಂಬುದನ್ನು ದೂರಿನಲ್ಲೇ ಬರೆಯಿರಿ. 2020ರ ಪೋಕ್ಸೊ ನಿಯಮಗಳು ಕೇಳುವುದೂ ಇದನ್ನೇ: ಚಿತ್ರ ಕಂಡ ಸಾಧನ, ಅದು ಬಂದಿರಬಹುದಾದ ಸಾಧನ, ವೇದಿಕೆ. ಪೊಲೀಸರು ನೋಡಿಕೊಂಡು ಅಳಿಸಿ ಎಂದ ಮೇಲೆ ಗ್ಯಾಲರಿ, ಚಾಟ್, ಟ್ರ್ಯಾಷ್, ಕ್ಲೌಡ್ ನಾಲ್ಕೂ ಕಡೆಯಿಂದ ಅಳಿಸಿ.

ಈಗ ನಿಮ್ಮ ಮೊದಲ ಪ್ರಶ್ನೆ. ಚಿತ್ರ ನಕಲಿ ಎನ್ನುವುದು ರಕ್ಷಣೆಯಲ್ಲ. 2019ರ ತಿದ್ದುಪಡಿಯಲ್ಲಿ ಪೋಕ್ಸೊಗೆ ಸೇರಿದ ವ್ಯಾಖ್ಯೆ, ನಿಜವಾದ ಮಗುವಿನಂತೆಯೇ ಕಾಣುವ ಕಂಪ್ಯೂಟರ್ ಸೃಷ್ಟಿಯ ಚಿತ್ರವನ್ನೂ, ತಿದ್ದಿ ಮಾರ್ಪಡಿಸಿದ ಚಿತ್ರವನ್ನೂ ಹೆಸರಿಸಿಯೇ ಒಳಗೊಂಡಿದೆ. ಇನ್ನೂ ಹಿಂದಕ್ಕೆ ಹೋದರೆ, ಎಐ ಆ್ಯಪ್‌ಗಳ ಸುಳಿವೇ ಇಲ್ಲದ 2012ರ ಮೂಲ ಕಾಯ್ದೆಯ 11ನೇ ಸೆಕ್ಷನ್‌ನಲ್ಲೇ, ಮಗುವಿನ ದೇಹದ ‘ನಿಜವಾದ ಅಥವಾ ಕೃತಕವಾಗಿ ಸೃಷ್ಟಿಸಿದ’ ಚಿತ್ರವನ್ನು ಬಳಸುತ್ತೇನೆಂದು ಬೆದರಿಸುವುದು ಲೈಂಗಿಕ ಕಿರುಕುಳ ಎಂದಿದೆ. ಐಟಿ ಕಾಯ್ದೆಯ 67ಬಿ ಸೆಕ್ಷನ್ ಮಕ್ಕಳನ್ನು ಅಶ್ಲೀಲವಾಗಿ ಬಿಂಬಿಸುವ ಡಿಜಿಟಲ್ ಚಿತ್ರವನ್ನು ಸೃಷ್ಟಿಸುವುದು, ಹುಡುಕುವುದು, ಡೌನ್‌ಲೋಡ್ ಮಾಡುವುದು, ಹಂಚುವುದು ಎಲ್ಲವನ್ನೂ ಅಪರಾಧವೆಂದು ಎಣಿಸುತ್ತದೆ. ಮೊದಲ ಬಾರಿಗೆ 5 ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿವರೆಗೆ ದಂಡ. ಯಾವ ಸೆಕ್ಷನ್ ಹಾಕಬೇಕು ಎಂಬುದು ಪೊಲೀಸರ ತಲೆನೋವು. ನಿಮ್ಮ ದೂರಿನಲ್ಲಿ ನಡೆದದ್ದು ಮಾತ್ರ ಇರಲಿ.

ಇದೇ ಕಾರಣಕ್ಕೆ ಚಿತ್ರ ಅಸಲಿಯೋ ನಕಲಿಯೋ ಎಂದು ಪತ್ತೆ ಮಾಡಲು ಶಾಲೆ ಕೂರಬಾರದು. ಡೀಪ್‌ಫೇಕ್, ಅಂದರೆ ಎಐ ಸೃಷ್ಟಿಸಿದ ನಕಲಿ ಚಿತ್ರ, ಪತ್ತೆ ಮಾಡುತ್ತೇವೆ ಎನ್ನುವ ಜಾಲತಾಣಗಳಿಗೆ ಚಿತ್ರ ಅಪ್‌ಲೋಡ್ ಮಾಡುವುದಂತೂ ಇನ್ನೊಂದು ಹಂಚಿಕೆಯೇ. ಆ ಉಪಕರಣಗಳು, ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಗಾತ್ರ ಕುಗ್ಗಿದ ಚಿತ್ರದ ಮೇಲೆ ನೆಚ್ಚಿಕೊಳ್ಳುವಂಥ ತೀರ್ಪನ್ನೂ ಕೊಡುವುದಿಲ್ಲ. ಅಸಲಿಯಾದರೂ ನಕಲಿಯಾದರೂ ನೀವು ಇಡಬೇಕಾದ ಹೆಜ್ಜೆ ಒಂದೇ.

ಚಿತ್ರ ಹೇಗೆ ಆಗುತ್ತದೆ ಎಂಬುದು ಮಾತ್ರ ನಿಮಗೆ ಗೊತ್ತಿರಲಿ, ಮುಂದೆ ಆ ಹುಡುಗಿಯ ಜೊತೆ ಮಾತಾಡುವಾಗ ಬೇಕಾಗುತ್ತದೆ. ಈ ‘ಬಟ್ಟೆ ಕಳಚುವ’ ಆ್ಯಪ್‌ಗಳು ಬಟ್ಟೆಯ ಒಳಗಿರುವುದನ್ನು ನೋಡುವುದಿಲ್ಲ, ನೋಡಲು ಸಾಧ್ಯವೂ ಇಲ್ಲ. ಫೋಟೊದಲ್ಲಿ ಬಟ್ಟೆ ಇರುವ ಭಾಗವನ್ನು ಅಳಿಸಿ, ತರಬೇತಿಯಲ್ಲಿ ಕಂಡ ಬೇರೆಯವರ ಲಕ್ಷಾಂತರ ಚಿತ್ರಗಳ ಆಧಾರದಲ್ಲಿ ಆ ಜಾಗವನ್ನು ಊಹಿಸಿ ತುಂಬುತ್ತವೆ. ಮುಖ ಅವಳದು, ಉಳಿದದ್ದು ಯಂತ್ರದ ಊಹೆ. ಇದಕ್ಕೆ ನೇರವಾಗಿ ತೆಗೆದ ಒಂದೇ ಒಂದು ಫೋಟೊ ಸಾಕು, ಸಮವಸ್ತ್ರದಲ್ಲಿದ್ದರೂ ಸಾಕು. ‘ಅವಳು ಅಂಥ ಫೋಟೊ ಹಾಕಿದ್ದಕ್ಕೇ ಹೀಗಾಯ್ತು’ ಎಂಬ ಮಾತು ನೈತಿಕವಾಗಿ ಹೇಗೋ ತಾಂತ್ರಿಕವಾಗಿಯೂ ಸುಳ್ಳು. ಇಂಥ ಸೇವೆಗಳನ್ನು ಹುಡುಕಿಕೊಂಡು ಇಂಟರ್ನೆಟ್ಟಿನ ಕತ್ತಲ ಮೂಲೆಗೆ ಹೋಗಬೇಕಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಅಟಾರ್ನಿ 2024ರ ಆಗಸ್ಟ್‌ನಲ್ಲಿ ಇಂಥ 16 ಜಾಲತಾಣಗಳ ಮೇಲೆ ಮೊಕದ್ದಮೆ ಹೂಡಿದಾಗ, ಆರೇ ತಿಂಗಳಲ್ಲಿ ಅವಕ್ಕೆ 20 ಕೋಟಿಗೂ ಹೆಚ್ಚು ಭೇಟಿಗಳಾಗಿದ್ದವು ಎಂದು ಹೇಳಿದ್ದರು.

ಇನ್ನು ಕಗ್ಗಂಟಾಗಿರುವ ಎರಡನೇ ಪ್ರಶ್ನೆ, ತಂದೆಯ ಮಾತು.

ಅವರ ಭಯ ಸುಳ್ಳಲ್ಲ. ಠಾಣೆ, ಕೋರ್ಟು, ಪತ್ರಿಕೆ, ನೆಂಟರಿಷ್ಟರ ಬಾಯಿ ಎಲ್ಲವೂ ಅವರ ಕಣ್ಣಮುಂದಿದೆ. ಆದರೆ ಪೋಕ್ಸೊ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾವ ವ್ಯಕ್ತಿಯಾದರೂ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ಸ್ಥಳೀಯ ಠಾಣೆಗೋ ತಿಳಿಸಲೇಬೇಕು. ಪೋಷಕರ ಒಪ್ಪಿಗೆ ಇದ್ದರೆ ಮಾತ್ರ ಎಂಬ ಷರತ್ತು ಅದರಲ್ಲಿಲ್ಲ, ಆಡಳಿತ ಮಂಡಳಿಯ ಅನುಮತಿ ಬೇಕೆಂದೂ ಇಲ್ಲ. ತಿಳಿಸದಿದ್ದರೆ 21ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಸೆರೆ ಅಥವಾ ದಂಡ, ಅಥವಾ ಎರಡೂ. ತಪ್ಪು ಮಾಡಿದವರು ಸಂಸ್ಥೆಯ ಅಧೀನ ಸಿಬ್ಬಂದಿಯಾಗಿದ್ದು ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಅಂದರೆ ‘ದೂರು ಕೊಡೋಣವೇ?’ ಎಂದು ತಂದೆಯನ್ನು ಕೇಳುವ ಸ್ಥಿತಿಯಲ್ಲಿ ನೀವಿಲ್ಲ. ಕೇಳಿ, ಅವರು ಬೇಡವೆಂದು, ಆಮೇಲೆ ಕೊಟ್ಟರೆ ಅದು ಅವರಿಗೆ ಮೋಸವಾದಂತೆ. ‘ಇದು ನನ್ನ ಮೇಲಿರುವ ಕಾನೂನಿನ ಹೊಣೆ, ಇವತ್ತು ತಿಳಿಸುತ್ತಿದ್ದೇನೆ, ಹೇಗೆ ನಡೆಯಬೇಕು ಎಂಬುದನ್ನು ಒಟ್ಟಿಗೆ ನೋಡೋಣ’ ಎಂದು ಮೊದಲೇ ನೇರವಾಗಿ ಹೇಳಿ.

ಈ ‘ಹೇಗೆ’ಯಲ್ಲಿ ಅವರಿಗೆ ಧೈರ್ಯ ಕೊಡುವ ಸಂಗತಿಗಳಿವೆ. ಹುಡುಗಿ ಠಾಣೆಗೆ ಹೋಗಬೇಕಿಲ್ಲ. ಅವಳ ಮನೆಯಲ್ಲಿ ಅಥವಾ ಅವಳು ಹೇಳಿದ ಜಾಗದಲ್ಲಿ, ಸಾಧ್ಯವಾದಷ್ಟು ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬಂದು ಹೇಳಿಕೆ ಪಡೆಯಬೇಕು ಎಂದು 24ನೇ ಸೆಕ್ಷನ್ ಹೇಳುತ್ತದೆ. ಹೆಸರು, ವಿಳಾಸ, ಫೋಟೊ, ಶಾಲೆ, ಕುಟುಂಬದ ವಿವರ ಯಾವುದನ್ನೂ ಮಾಧ್ಯಮ ಬಯಲು ಮಾಡುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು, ಅಲ್ಲಿಂದ ಕುಟುಂಬದ ಜೊತೆಗಿರಲು ಬೆಂಬಲ ವ್ಯಕ್ತಿಯೊಬ್ಬರನ್ನು ಕೇಳಿ ಪಡೆಯಬಹುದು. ಇದೆಲ್ಲ ಕಾಗದದಲ್ಲಿದ್ದಂತೆ ಎಲ್ಲ ಕಡೆ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಅದಕ್ಕೇ ದೂರಿನ ಪತ್ರದಲ್ಲೇ ‘24ನೇ ಸೆಕ್ಷನ್ ಪ್ರಕಾರ ಮನೆಯಲ್ಲಿ ಹೇಳಿಕೆ ಪಡೆಯಲು ಕೋರಿಕೆ’ ಎಂದು ಒಂದು ಸಾಲು ಸೇರಿಸಿ, ಸ್ವೀಕೃತಿ ಪಡೆಯಿರಿ. ಠಾಣೆಗೆ ಹೋಗಲು ಹಿಂಜರಿಕೆಯಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಅವರ ನೆರವು ಪಡೆಯಿರಿ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರುಗಳಿಗೇ ಪ್ರತ್ಯೇಕ ವಿಭಾಗವಿದೆ. ಹಣಕಾಸಿನ ವಂಚನೆಯಲ್ಲಿ ಹೆಸರು ಮಾಡಿರುವ 1930 ಕೂಡ ಸೈಬರ್ ಸಹಾಯವಾಣಿಯೇ, ಆದರೆ ಇಂಥ ವಿಷಯಕ್ಕೆ ಪೋರ್ಟಲ್ ಮತ್ತು ಠಾಣೆಯೇ ಮೇಲು.

ಶಾಲೆಯೊಳಗೇ ಮುಗಿಸಿದರೆ ಏನಾಗುತ್ತದೆ? ಎರಡೂ ಕಡೆಯ ಪೋಷಕರನ್ನು ಕೂರಿಸಿ, ಹುಡುಗರಿಂದ ಕ್ಷಮಾಪಣೆ ಪತ್ರ ಬರೆಸಿ, ಎದುರಿಗೇ ಮೊಬೈಲ್‌ನಿಂದ ಅಳಿಸಿಸುತ್ತಾರೆ. ಅಳಿಸಿದ್ದು ಒಂದು ಪ್ರತಿ. ಬ್ಯಾಕಪ್‌ನಲ್ಲಿ, ಗುಂಪಿನ ಉಳಿದವರ ಮೊಬೈಲ್‌ಗಳಲ್ಲಿ, ಆ್ಯಪ್‌ನ ಸರ್ವರ್‌ನಲ್ಲಿ ಉಳಿದದ್ದು ಹಾಗೇ ಇರುತ್ತದೆ. ಸಾಕ್ಷ್ಯ ಹೋಯಿತು, ಚಿತ್ರ ಉಳಿಯಿತು. ಮೂರು ತಿಂಗಳ ಮೇಲೆ ಅದು ಇನ್ನೊಂದು ಖಾತೆಯಲ್ಲಿ ಬಂದಾಗ ಶಾಲೆಯ ಕೈಯಲ್ಲಿ ಏನೂ ಇರುವುದಿಲ್ಲ, ತಿಳಿದೂ ಮುಚ್ಚಿಟ್ಟ ದಾಖಲೆಯೊಂದನ್ನು ಬಿಟ್ಟರೆ.

ಸಾಕ್ಷ್ಯಕ್ಕೆ ಬೇಕಾದದ್ದು ಚಿತ್ರವಲ್ಲ, ಅದರ ಸುತ್ತಲಿನ ವಿವರ. ಒಂದು ಹಾಳೆಯಲ್ಲಿ ಬರೆಯಿರಿ: ಗುಂಪಿನ ಹೆಸರು, ಅಡ್ಮಿನ್ ನಂಬರ್, ಕಳಿಸಿದವರ ನಂಬರ್, ದಿನಾಂಕ, ಸಮಯ, ಜೊತೆಗಿದ್ದ ಮಾತು, ಯಾರು ಮೊದಲು ನೋಡಿ ಹೇಳಿದ್ದು. ಇನ್‌ಸ್ಟಾಗ್ರಾಮ್‌ನಲ್ಲಿದ್ದರೆ ಬಳಕೆದಾರ ಹೆಸರು ಮತ್ತು ಪೂರ್ತಿ ಕೊಂಡಿ, ಏಕೆಂದರೆ ತೋರಿಕೆಯ ಹೆಸರನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಬದಲಿಸಬಹುದು. ಚಿತ್ರ ಬಂದಿರುವ ಒಂದು ಮೊಬೈಲ್, ಅಂದರೆ ಆ ಶಿಕ್ಷಕರು ಚಿತ್ರವನ್ನು ನೋಡಿದ ವಿದ್ಯಾರ್ಥಿಯದು, ಸಾಕ್ಷ್ಯವಾಗಿ ಉಳಿಯಬೇಕು. ಅವನ ಪೋಷಕರನ್ನು ಕರೆಸಿ, ಅವರ ಕೈಯಿಂದಲೇ ಫ್ಲೈಟ್ ಮೋಡ್ ಹಾಕಿಸಿ, ವೈಫೈ ಆರಿಸಿ. ಇಲ್ಲದಿದ್ದರೆ ಕಳಿಸಿದವನು ‘ಎಲ್ಲರಿಗೂ ಅಳಿಸು’ ಒತ್ತಿದ ಕ್ಷಣ ಇಲ್ಲೂ ಮಾಯ. ಗುಂಪಿನಲ್ಲಿ ಮರೆಯಾಗುವ ಸಂದೇಶ ಚಾಲೂ ಇದ್ದರೆ 24 ಗಂಟೆ, 7 ದಿನ ಅಥವಾ 90 ದಿನದ ಟೈಮರ್ ಓಡುತ್ತಿರುತ್ತದೆ. ಫ್ಲೈಟ್ ಮೋಡ್ ಅದನ್ನು ನಿಲ್ಲಿಸುತ್ತದೆಂದು ನಂಬಿ ಕೂರಬೇಡಿ, ಅದೇ ದಿನ ಒಪ್ಪಿಸಿ. ಲಕೋಟೆಗೆ ಹಾಕಿ, ಅಂಟಿಸಿದ ಜಾಗದ ಮೇಲೆ ಪೋಷಕರು ಮತ್ತು ಇಬ್ಬರು ಸಿಬ್ಬಂದಿ ಸಮಯ ಸಹಿತ ಸಹಿ ಮಾಡಲಿ.

ಅನುಮಾನವಿರುವ ಹುಡುಗರ ಮೊಬೈಲ್ ಕಿತ್ತುಕೊಂಡು ತೆರೆದು ಜಾಲಾಡಬೇಡಿ. ಅದು ನಿಮ್ಮ ಅಧಿಕಾರವಲ್ಲ. ನೀವು ತೆರೆದು ನೋಡಿದ ಪ್ರತಿ ಕಡತದ ಸಮಯದ ಗುರುತು ಬದಲಾಗಬಹುದು, ಆಗ ಶಾಲೆಯವರೇ ಏನೋ ಸೇರಿಸಿದರು ಎನ್ನಲು ಎದುರು ವಕೀಲರಿಗೆ ದಾರಿಯಾಗುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರ ಡಿಜಿಟಲ್ ದಾಖಲೆಯ ಹ್ಯಾಷ್ ಮೌಲ್ಯವನ್ನೂ, ಅಂದರೆ ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತಿನ ಸಂಕೇತವನ್ನೂ, ಕೇಳುತ್ತದೆ. ಇದು ತನಿಖಾಧಿಕಾರಿಯ ಕೆಲಸ.

ತೆಗೆಸುವುದು ಹೇಗೆ ಎಂದು ನೀವು ಕೇಳಿಲ್ಲ, ಆದರೆ ಪೋಷಕರು ಕೇಳುತ್ತಾರೆ. 2021ರ ಐಟಿ ನಿಯಮಗಳು, ಮಾರ್ಫ್ ಮಾಡಿದ್ದೂ ಸೇರಿದಂತೆ ಇಂಥ ಚಿತ್ರದ ಬಗ್ಗೆ ಸಂತ್ರಸ್ತರಾಗಲಿ ಅವರ ಪರವಾಗಿ ಬೇರೆಯವರಾಗಲಿ ದೂರು ಕೊಟ್ಟರೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕೆಂದು ಜಾಲತಾಣಗಳಿಗೆ ಗಡುವು ಹಾಕಿದವು. ಆ್ಯಪ್‌ನೊಳಗಿನ ರಿಪೋರ್ಟ್ ಗುಂಡಿಯ ಜೊತೆಗೆ ಕಂಪನಿಯ ಕುಂದುಕೊರತೆ ಅಧಿಕಾರಿಗೂ ಇಮೇಲ್ ಹೋಗಲಿ, ‘ಚಿತ್ರದಲ್ಲಿರುವುದು 18ಕ್ಕಿಂತ ಕೆಳಗಿನ ಮಗು’ ಎಂದು ಮೊದಲ ಸಾಲಿನಲ್ಲೇ ಬರೆಯಿರಿ, ಚಿತ್ರ ಮಾತ್ರ ಲಗತ್ತಿಸಬೇಡಿ. ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆಯ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಎಲ್ಲ ದೇಶದವರಿಗೂ ತೆರೆದಿದೆ. ಚಿತ್ರ ನಿಮ್ಮ ಸಾಧನ ಬಿಟ್ಟು ಹೊರಹೋಗುವುದಿಲ್ಲ, ಅದರ ಡಿಜಿಟಲ್ ಬೆರಳಚ್ಚು, ಅಂದರೆ ಚಿತ್ರದಿಂದ ಲೆಕ್ಕಹಾಕಿದ ಗುರುತಿನ ಸಂಕೇತ, ಮಾತ್ರ ಹೋಗಿ, ಭಾಗವಹಿಸುವ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್‌ನಂಥ ವೇದಿಕೆಗಳಲ್ಲಿ ತಾಳೆ ನೋಡಲು ಬಳಕೆಯಾಗುತ್ತದೆ. ಇತಿಮಿತಿಗಳೂ ಇವೆ. ಚಿತ್ರವನ್ನು ಕತ್ತರಿಸಿದರೆ ಅಥವಾ ತಿದ್ದಿದರೆ ಬೆರಳಚ್ಚು ತಪ್ಪಿಹೋಗಬಹುದು. ವಾಟ್ಸ್‌ಆ್ಯಪ್‌ನ ಖಾಸಗಿ ಮಾತುಕತೆಗೆ ಅದು ತಲುಪುವುದಿಲ್ಲ. ಮುಖ್ಯವಾಗಿ, ಹುಡುಗಿಯ ಬಳಿ ಚಿತ್ರವಿಲ್ಲದಿದ್ದರೆ ಈ ಸೇವೆಗೆಂದು ಅದನ್ನು ಎಲ್ಲಿಂದಲೋ ತರಿಸಿ ಅವಳಿಗೆ ಕೊಡುವ ಕೆಲಸ ಖಂಡಿತ ಬೇಡ. ವಾಟ್ಸ್‌ಆ್ಯಪ್ ಗುಂಪನ್ನು ರಿಪೋರ್ಟ್ ಮಾಡಿದರೆ ಕೊನೆಯ ಐದು ಸಂದೇಶಗಳು ಮಾತ್ರ ಕಂಪನಿಗೆ ಹೋಗುತ್ತವೆ. ಚಿತ್ರ ಬಂದ ಮೇಲೆ ಇನ್ನೂರು ಸಂದೇಶ ಹರಿದಿದ್ದರೆ ಆ ರಿಪೋರ್ಟಿನಲ್ಲಿ ಚಿತ್ರವೇ ಇರುವುದಿಲ್ಲ. ಗುಂಪಿನ ಬದಲು ಆ ಸಂದೇಶವನ್ನೇ ಒತ್ತಿಹಿಡಿದು ರಿಪೋರ್ಟ್ ಮಾಡಬೇಕು.

ಹುಡುಗಿಯ ವಿಷಯ. ಒಬ್ಬರೇ ಒಬ್ಬರು, ಅವಳಿಗೆ ಒಗ್ಗುವ ಶಿಕ್ಷಕಿ, ಅವಳ ಜೊತೆ ಮಾತಾಡಲಿ. ‘ಇದು ನಿನ್ನದೇನಾ ನೋಡು’ ಎಂದು ಚಿತ್ರವನ್ನು ಅವಳ ಮುಂದೆ ಹಿಡಿಯಬೇಡಿ. ಯಾರಿಗಾದರೂ ಫೋಟೊ ಕಳಿಸಿದ್ದೆಯಾ, ಯಾರ ಜೊತೆಗಾದರೂ ಮಾತಾಡುತ್ತಿದ್ದೆಯಾ ಎಂಬ ವಿಚಾರಣೆ ಬೇಡ. ಅದು ಯಂತ್ರದ ಊಹೆ, ನಿನ್ನ ದೇಹವಲ್ಲ ಎಂದು ಹೇಳಿ, ಆದರೆ ಆ ಮಾತಿಗೇ ಅವಳು ಸಮಾಧಾನವಾಗಬೇಕೆಂದು ನಿರೀಕ್ಷಿಸಬೇಡಿ. ನೋಡಿದವರ ಕಣ್ಣಲ್ಲಿ ತಾನು ಬೆತ್ತಲಾದೆ ಎಂಬ ಭಾವ, ಚಿತ್ರ ಸುಳ್ಳೆಂದು ಗೊತ್ತಾದ ಮಾತ್ರಕ್ಕೆ ಹೋಗುವುದಿಲ್ಲ. ಏನೇನು ಮಾಡಿದ್ದೀರಿ, ನಾಳೆ ಏನು ಆಗುತ್ತದೆ, ಯಾರಿಗೆಲ್ಲ ಗೊತ್ತು ಎಂಬುದನ್ನು ಅವಳಿಂದ ಮುಚ್ಚಿಡದೆ ತಿಳಿಸಿ. ಊಟ, ನಿದ್ದೆ ಬಿಟ್ಟಿದ್ದರೆ ಅಥವಾ ಬದುಕಿ ಏನು ಪ್ರಯೋಜನ ಎಂಬ ಧಾಟಿಯ ಮಾತು ಬಂದರೆ ಅವಳನ್ನು ಒಂಟಿಯಾಗಿ ಬಿಡದಂತೆ ಮನೆಯವರಿಗೆ ಹೇಳಿ, ಅವತ್ತೇ ವೈದ್ಯರನ್ನು ಕಾಣಿಸಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲಿರುಳೂ ಸಿಗುತ್ತದೆ. ‘ಎರಡು ವಾರ ಮನೆಯಲ್ಲಿರಲಿ’ ಎಂಬ ಸಲಹೆ ಕರುಣೆಯಂತೆ ಕಾಣುತ್ತದೆ, ತರಗತಿಯ ಕಣ್ಣಿಗೆ ಮಾತ್ರ ಅದು ಅವಳಿಗೆ ಕೊಟ್ಟ ಶಿಕ್ಷೆ. ಜಾಗ ಬದಲಾಗಬೇಕಾದವರು ಹುಡುಗರು. ಅವರ ಬಸ್ಸು, ಆಟದ ಸಮಯ, ಟ್ಯೂಷನ್ ಬೇರೆಯಾಗಲಿ.

ಆ ಹುಡುಗರೂ ಮಕ್ಕಳೇ. ಅವರ ವಿಚಾರಣೆ ಬಾಲ ನ್ಯಾಯ ಮಂಡಳಿಯ ಮುಂದೆ, ಅವರ ಹೆಸರನ್ನೂ ಬಹಿರಂಗಪಡಿಸುವಂತಿಲ್ಲ. ಸ್ಪೇನ್‌ನ ಅಲ್ಮೆಂದ್ರಾಲೆಹೊ ಎಂಬ ಊರಿನಲ್ಲಿ 2023ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರ ಚಿತ್ರಗಳನ್ನು ಹೀಗೆಯೇ ಮಾಡಲಾಗಿತ್ತು. ಮರುವರ್ಷ ನ್ಯಾಯಾಲಯ 15 ಮಂದಿ ಅಪ್ರಾಪ್ತರಿಗೆ ಒಂದು ವರ್ಷದ ನಿಗಾ ವಿಧಿಸಿ, ಲಿಂಗ ಸಮಾನತೆ ಮತ್ತು ತಂತ್ರಜ್ಞಾನದ ಹೊಣೆಯುತ ಬಳಕೆಯ ತರಗತಿಗಳಿಗೆ ಕಳಿಸಿತು. ಆತುರದಲ್ಲಿ ಟಿಸಿ ಕೊಟ್ಟು ಕಳಿಸುವುದು ಶಾಲೆಗೆ ಹಗುರವೆನಿಸಬಹುದು. ಆದರೆ ಹಾಗೆ ಹೊರಬಿದ್ದ ಹುಡುಗನ ಮೇಲೆ ಯಾರ ಕಣ್ಣೂ ಇರುವುದಿಲ್ಲ, ಸಿಟ್ಟು ಮಾತ್ರ ಇರುತ್ತದೆ. ಚಿತ್ರ ಎರಡನೇ ಸಲ ಹೊರಬರುವ ಅಪಾಯ ಅಲ್ಲಿದೆ.

ಉಳಿದ ಮಕ್ಕಳಿಗೆ ಪ್ರಾರ್ಥನಾ ಸಭೆಯ ಮೈಕಿನಲ್ಲಿ ಹೇಳಬೇಡಿ. ಇನ್ನೂ ನೋಡದವರೂ ಅವತ್ತೇ ಹುಡುಕಲು ಶುರುಮಾಡುತ್ತಾರೆ. ತರಗತಿ ಶಿಕ್ಷಕರು ತಮ್ಮ ತಮ್ಮ ಕೊಠಡಿಯಲ್ಲಿ ಐದು ನಿಮಿಷ, ಒಂದೇ ಪಠ್ಯವನ್ನು ಓದಿ ಹೇಳಲಿ: ‘ಯಾರದೇ ಇಂಥ ಚಿತ್ರ ಮಾಡುವುದು, ಇಟ್ಟುಕೊಳ್ಳುವುದು, ಹಂಚುವುದು ಅಪರಾಧ, ತಮಾಷೆಗೆ ಮಾಡಿದರೂ. ನಿಮ್ಮ ಬಳಿ ಬಂದಿದ್ದರೆ ಯಾರಿಗೂ ಕಳಿಸಬೇಡಿ, ತೋರಿಸಬೇಡಿ, ಇವತ್ತೇ ಇಂಥ ಶಿಕ್ಷಕರಿಗೆ ಹೇಳಿ. ಬಂದದ್ದನ್ನು ಹೇಳಿದವರಿಗೆ ಶಾಲೆ ಶಿಕ್ಷೆ ಕೊಡುವುದಿಲ್ಲ.’ ತಿಳಿದೂ ಹೇಳದ ತಪ್ಪಿಗೆ ದೊಡ್ಡವರಿಗಿರುವ ಶಿಕ್ಷೆ ಪೋಕ್ಸೊದಲ್ಲಿ ಮಕ್ಕಳಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಈ ಭರವಸೆಯನ್ನು ನೀವು ನಿಜವಾಗಿಯೂ ಕೊಡಬಹುದು. ಆ್ಯಪ್‌ನ ಹೆಸರನ್ನು ಯಾರೂ ಹೇಳಬಾರದು, ಅದು ಪುಕ್ಕಟೆ ಜಾಹೀರಾತು. ಚಿತ್ರ ತೋರಿಸಿ ಹಣ ಕೇಳುವ ದಂಧೆಗೆ ಹುಡುಗರೂ ಬಲಿಯಾಗುತ್ತಾರೆ ಎಂಬುದನ್ನು ಮುಂದೊಂದು ದಿನ ಬೇರೆಯಾಗಿ ಹೇಳಿ: ಹಣ ಕೊಡಬೇಡಿ, ಕೊಟ್ಟರೆ ಬೇಡಿಕೆ ಬೆಳೆಯುತ್ತದೆ, ಚಾಟ್ ಅಳಿಸದೆ ದೊಡ್ಡವರಿಗೆ ತೋರಿಸಿ.

ಕೊನೆಗೆ ಫೇಸ್‌ಬುಕ್ ಪುಟ. ಆ ಮೂಲ ಫೋಟೊವನ್ನು ತೆಗೆಯಿರಿ, ಆದರೆ ಅದರ ಕೊಂಡಿ ಮತ್ತು ಹಾಕಿದ ದಿನಾಂಕವನ್ನು ಮೊದಲು ದೂರಿನ ಹಾಳೆಯಲ್ಲಿ ಬರೆದುಕೊಂಡ ಮೇಲೆ. ಉಳಿದದ್ದನ್ನೆಲ್ಲ ತೆಗೆದರೆ ಸುರಕ್ಷಿತ ಎಂದುಕೊಳ್ಳಬೇಡಿ. ಇಂಥದ್ದನ್ನು ಮಾಡುವವರು ಹೆಚ್ಚಾಗಿ ಸಹಪಾಠಿಗಳೇ, ಅವರ ಮೊಬೈಲ್‌ನಲ್ಲಿ ನಿಮ್ಮ ಪುಟಕ್ಕಿಂತ ಹೆಚ್ಚು ಫೋಟೊಗಳಿರುತ್ತವೆ. ಫೋಟೊದ ಗಾತ್ರ ಕುಗ್ಗಿಸುವುದು, ಮೇಲೆ ಶಾಲೆಯ ಹೆಸರಿನ ಅಚ್ಚೊತ್ತುವುದು ಕೂಡ ಎಐ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪುಟವನ್ನು ಬಿಗಿ ಮಾಡುವುದರ ಲಾಭ ಬೇರೆ: ಅಪರಿಚಿತನಿಗೆ ಮುಖ, ಹೆಸರು, ತರಗತಿ ಮೂರೂ ಒಂದೇ ಕಡೆ ಸಿಗದಂತಾಗುತ್ತದೆ. ಆದ್ದರಿಂದ ‘ಪ್ರಥಮ ಬಹುಮಾನ, 9ಬಿ’ ಎಂದು ಹೆಸರು ಸಹಿತ ಹಾಕಿದ ಒಂಟಿ ಫೋಟೊಗಳನ್ನು ಮೊದಲು ತೆಗೆಯಿರಿ. ಇನ್ನು ಮುಂದೆ ಸಾರ್ವಜನಿಕ ಪುಟಕ್ಕೆ ದೂರದ ಗುಂಪು ಚಿತ್ರ, ಮಕ್ಕಳು ಮಾಡಿದ ಮಾದರಿ, ರಂಗದ ನೋಟ ಸಾಕು. ಒಬ್ಬೊಬ್ಬರ ಫೋಟೊ ಆಯಾ ಪೋಷಕರಿಗೆ ಮಾತ್ರ ಹೋಗಲಿ. ಪುಟಕ್ಕಿಂತ ಮುಂಚೆ ನೋಡಬೇಕಾದದ್ದು ಛಾಯಾಗ್ರಾಹಕರು ಪ್ರತಿ ವರ್ಷ ಕಳಿಸುವ ಗೂಗಲ್ ಡ್ರೈವ್ ಕೊಂಡಿ. ಕೊಂಡಿ ಇದ್ದವರೆಲ್ಲ ನೋಡಬಹುದು ಎಂಬ ಸೆಟ್ಟಿಂಗ್‌ನಲ್ಲಿ, ಪೂರ್ಣ ಗಾತ್ರದ ನೂರಾರು ಫೋಟೊಗಳು ಅಲ್ಲಿ ವರ್ಷಗಟ್ಟಲೆ ತೆರೆದೇ ಬಿದ್ದಿರುತ್ತವೆ. ಹಳೆಯ ಕೊಂಡಿಗಳನ್ನು ಪತ್ತೆಹಚ್ಚಿ ಈ ವಾರವೇ ಮುಚ್ಚಿಸಿ, ಮುಂದಿನ ಕಾರ್ಯಕ್ರಮದ ಕೊಂಡಿಗೆ 15 ದಿನದ ಗಡುವು ಹಾಕಿ.